ಕಾಡು, ದಂಡು, ದಫ್ತರ: ಮನೋಹರ ಮಳಗಾಂವಕರರ ಬಾಳು ಮತ್ತು ಕಥನ



ವಚನಕಾರರನ್ನೋ ನವೋದಯದ ಕವಿಗಳನ್ನೋ ಕುರಿತ ಉಪನ್ಯಾಸಗಳನ್ನು ಈ ವೇದಿಕೆಯಿಂದ ಕೇಳಿ ಅಭ್ಯಾಸವಾಗಿರುವ ತಮ್ಮ ಮುಂದೆ, ಇಂದು ನಾನು ಒಬ್ಬ ಸೈನಿಕ ಕಾದಂಬರಿಕಾರರ ವಿಷಯವನ್ನು ನಿವೇದಿಸಲು ನಿಂತಿದ್ದೇನೆ. ಉತ್ತರ ಕನ್ನಡದ ಕಾಡಿನಂಚಿನ ಒಂದು ಹಳ್ಳಿಯಲ್ಲಿ ದೀರ್ಘಕಾಲ ಬಾಳಿ, ಇಂಗ್ಲಿಷಿನಲ್ಲಿ ಬರೆದು, ರಣರಂಗವನ್ನೂ ಬೇಹುಗಾರಿಕೆಯನ್ನೂ ರಾಜಕೀಯ ಪಿತೂರಿಯನ್ನೂ ಕಥಾವಸ್ತುವಾಗಿ ಮಾಡಿಕೊಂಡು, ಒಂದು ಕಾಲಕ್ಕೆ ದೇಶವಿದೇಶಗಳಲ್ಲಿ ಓದುಗರನ್ನು ಪಡೆದಿದ್ದ ಲೆಫ್ಟಿನೆಂಟ್ ಕರ್ನಲ್ ಮನೋಹರ ಮಳಗಾಂವಕರರೇ ಆ ಲೇಖಕರು. ನಮ್ಮ ನಾಡಿನಲ್ಲೇ ಇದ್ದೂ ನಮ್ಮ ಸಾಹಿತ್ಯಚರ್ಚೆಯ ಹೊರಗೇ ಉಳಿದ ಇಂಥ ಒಬ್ಬರನ್ನು ಕನ್ನಡದ ಸಭೆಯೊಂದರಲ್ಲಿ ಸ್ಮರಿಸುವುದು ಉಚಿತವೆಂದು ನಾನು ಭಾವಿಸುತ್ತೇನೆ.

ಈ ವಿಷಯಕ್ಕೂ ಬೆಂಗಳೂರಿನ ಈ ಪಶ್ಚಿಮ ಭಾಗಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಬೆಂಗಳೂರು ಬಹುಕಾಲ ಎರಡು ಊರುಗಳಾಗಿತ್ತು: 1809ರಲ್ಲಿ ಹಲಸೂರಿನ ಬಳಿ ನೆಲೆಗೊಂಡ ದಂಡು ಪೂರ್ವಕ್ಕೆ, ಹಳೆಯ ಪೇಟೆ ಪಶ್ಚಿಮಕ್ಕೆ. ಎರಡಕ್ಕೂ ಬೇರೆ ಬೇರೆ ಆಡಳಿತ, ಬೇರೆ ಬೇರೆ ಭಾಷೆ, ಬೇರೆ ಬೇರೆ ಪುಸ್ತಕದಂಗಡಿ. 1949ರಲ್ಲಿ ಇವೆರಡೂ ಒಂದೇ ನಗರಸಭೆಯ ಅಡಿಗೆ ಬಂದುವು. ಅದೇ ವರ್ಷ, ಆಗ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ನಮ್ಮ ರಾಜಾಜಿನಗರವು ಕೈಗಾರಿಕಾ ಬಡಾವಣೆಯಾಗಿ ಹುಟ್ಟಿತು. ಅದೇ ವರ್ಷದ ಜನವರಿ 15ರಂದು ಕೊಡಗಿನ ಕಾರಿಯಪ್ಪನವರು ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆಡಳಿತದಲ್ಲಿ ಊರುಗಳು ಒಂದಾದುವು. ಆದರೆ ಓದಿನಲ್ಲಿ ಒಂದಾಗುವುದು ಅಷ್ಟು ಸುಲಭವಾಗಲಿಲ್ಲ. ಸೈನ್ಯದ ಕಥೆಗಳು ದಂಡಿನ ಅಂಗಡಿಗಳಲ್ಲಿ ಇಂಗ್ಲಿಷಿನಲ್ಲಿಯೇ ಮಾರಾಟವಾದುವು. ಪಶ್ಚಿಮದ ಬಡಾವಣೆಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ, ದಿನಕ್ಕಿಷ್ಟು ಬಾಡಿಗೆ ಕೊಟ್ಟು, ನಮ್ಮ ಹಿರಿಯರು ಎನ್. ನರಸಿಂಹಯ್ಯನವರ ಮತ್ತು ಮಾ. ರಾಮಮೂರ್ತಿಯವರ ಪತ್ತೇದಾರಿ ಕಾದಂಬರಿಗಳನ್ನು ಓದಿದರು. ಕುತೂಹಲದ ಕಥೆಯನ್ನು ಬಯಸುವ ಮನಸ್ಸು ಎರಡು ಕಡೆಯೂ ಒಂದೇ ಆಗಿತ್ತಾದರೂ, ಇವರ ಓದು ಅವರಿಗೆ ತಿಳಿಯದೆ ಹೋಯಿತು, ಅವರ ಓದು ಇವರಿಗೆ ತಿಳಿಯದೆ ಹೋಯಿತು.

ಈ ಉಪನ್ಯಾಸದ ವ್ಯಾಪ್ತಿಯನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಮಳಗಾಂವಕರರ ಸಮಸ್ತ ಕೃತಿಗಳ ವಿಮರ್ಶೆ ಇಲ್ಲಿ ಸಾಧ್ಯವಿಲ್ಲ. ಅವರ ಬಾಳಿನ ಸ್ಥೂಲ ಪರಿಚಯವನ್ನು ಕೊಟ್ಟು, ಅವರ ಆಸಕ್ತಿಯ ಮೂರು ನೆಲೆಗಳಾದ ಕಾಡು, ದಂಡು, ದಫ್ತರಗಳನ್ನು ಒಂದೊಂದಾಗಿ ಪರಿಶೀಲಿಸಿ, ಕೊನೆಯಲ್ಲಿ ಅವರ ಮಿತಿಗಳನ್ನೂ ನಮ್ಮ ಕರ್ತವ್ಯವನ್ನೂ ಕುರಿತು ಎರಡು ಮಾತು ಹೇಳುವೆನು. ರೋಚಕತೆಯು ಸುಳ್ಳಿನಿಂದ ಹುಟ್ಟುವುದಿಲ್ಲ, ಬಲ್ಲ ವಿಷಯವನ್ನು ಬಲ್ಲಂತೆ ಹೇಳುವ ಪ್ರಾಮಾಣಿಕತೆಯಿಂದ ಹುಟ್ಟುತ್ತದೆ ಎಂಬುದೇ ನನ್ನ ಪ್ರತಿಪಾದನೆ.

ಮೊದಲು ಬಾಳು. ಮಳಗಾಂವಕರರು 1913ರ ಜುಲೈ 12ರಂದು ಜನಿಸಿದರು. ಅವರ ಅಜ್ಜ ಮಧ್ಯಭಾರತದ ದೇವಾಸ್ ಹಿರಿಯ ಸಂಸ್ಥಾನದಲ್ಲಿ ದಿವಾನರಾಗಿದ್ದವರು. ಅರಮನೆಯ ವೈಭವವನ್ನೂ ಅದರ ಒಳಬಿರುಕುಗಳನ್ನೂ ಸಮೀಪದಿಂದ ಬಲ್ಲ ಮನೆತನ ಅದು. ಮುಂಬಯಿ ವಿಶ್ವವಿದ್ಯಾಲಯದ ಪದವಿಯನ್ನು ಪಡೆದ ಮೇಲೆ ಮಳಗಾಂವಕರರು ಕೆಲಕಾಲ ವೃತ್ತಿಪರ ಬೇಟೆಗಾರರಾಗಿದ್ದು, ಅನಂತರ ದಂಡುಪ್ರದೇಶಗಳ ಆಡಳಿತದಲ್ಲಿ ಸರ್ಕಾರಿ ಅಧಿಕಾರಿಯಾಗಿ ದುಡಿದು, ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಮರಾಠಾ ಲಘು ಪದಾತಿದಳವನ್ನು ಸೇರಿದರು. 1922ರಿಂದ ಬೆಳಗಾವಿಯಲ್ಲಿ ನೆಲೆಯಾಗಿರುವ ಆ ದಳದ ಕೇಂದ್ರವನ್ನು ಆ ಊರಿನವರು ಈಗಲೂ ಹೆಮ್ಮೆಯಿಂದ ತೋರಿಸುತ್ತಾರೆ. ಪದಾತಿಯಲ್ಲಿ, ಪ್ರತಿಬೇಹುಗಾರಿಕೆಯ ವಿಭಾಗದಲ್ಲಿ, ಸೇನಾ ಕಾರ್ಯಾಲಯದಲ್ಲಿ, ಹೀಗೆ ಸೈನ್ಯದ ಹಲವು ಅಂಗಗಳ ಅನುಭವವನ್ನು ಪಡೆದು, 1952ರಲ್ಲಿ ಅವರು ಸಮವಸ್ತ್ರವನ್ನು ಕಳಚಿದರು. ಆಮೇಲೆ ಮ್ಯಾಂಗನೀಸ್ ಗಣಿಯ ಒಡೆತನ, ಬೇಸಾಯ, ಬರವಣಿಗೆ. ಲೋಂಡಾಕ್ಕೆ ಸಮೀಪದ, ಜೋಯಿಡಾ ತಾಲ್ಲೂಕಿನ ಜಗಲಬೇಟದ ತಮ್ಮ ಬಂಗಲೆಯಲ್ಲಿ ದಶಕಗಳ ಕಾಲ ನೆಲಸಿ, 2010ರ ಜೂನ್ 14ರಂದು ಅಲ್ಲಿಯೇ ಕಣ್ಮುಚ್ಚಿದರು.

ಈ ಬಾಳಿನಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಅವರ ಮೊದಲ ಪುಸ್ತಕ, ಮರಾಠರ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯ ಚರಿತ್ರೆ, ಪ್ರಕಟವಾದುದು 1959ರಲ್ಲಿ. ಆಗ ಅವರಿಗೆ ನಾಲ್ವತ್ತಾರರ ಪ್ರಾಯ. ಅಂದರೆ, ಬರೆಯುವುದಕ್ಕೆ ಮೊದಲು ಅವರು ಬಾಳಿದರು. ಕಾಡಿನಲ್ಲಿ ಅಲೆದು, ಪಡೆಯಲ್ಲಿ ದುಡಿದು, ಗಣಿಯ ಲೆಕ್ಕ ನೋಡಿ, ಆ ಬಳಿಕ ಲೇಖನಿಯನ್ನು ಹಿಡಿದರು. ಅಲ್ಲಿಂದಾಚೆಗೆ ಐದು ವರ್ಷಗಳಲ್ಲಿ ನಾಲ್ಕು ಮುಖ್ಯ ಕಾದಂಬರಿಗಳು ಹೊರಬಂದುವು: 1960ರಲ್ಲಿ 'ಡಿಸ್ಟೆಂಟ್ ಡ್ರಮ್', 1962ರಲ್ಲಿ 'ಕಾಂಬ್ಯಾಟ್ ಆಫ್ ಶ್ಯಾಡೋಸ್', 1963ರಲ್ಲಿ 'ದಿ ಪ್ರಿನ್ಸಸ್', 1964ರಲ್ಲಿ 'ಎ ಬೆಂಡ್ ಇನ್ ದಿ ಗ್ಯಾಂಜಸ್'. ಕಟ್ಟೆಯ ಹಿಂದೆ ವರ್ಷಗಟ್ಟಲೆ ನಿಂತ ನೀರು ತೂಬು ತೆರೆದೊಡನೆ ಹರಿಯುವಂತೆ ಈ ಕೃತಿಗಳು ಹರಿದು ಬಂದುವು.

ಇನ್ನು ಮೊದಲನೆಯ ನೆಲೆಯಾದ ಕಾಡಿಗೆ ಬರೋಣ. ದಾಂಡೇಲಿ, ಜೋಯಿಡಾಗಳ ಆ ಸೀಮೆಯನ್ನು ನೋಡಿದವರಿಗೆ ಅದರ ಗಾಂಭೀರ್ಯವನ್ನು ವರ್ಣಿಸಬೇಕಾದುದಿಲ್ಲ: ಬಿದಿರು, ತೇಗ, ಮತ್ತಿಮರಗಳ ದಟ್ಟಣೆ, ಕಾಳೀ ನದಿಯ ಕಣಿವೆ, ಹಳೆಯ ಸೂಪಾ ಪಟ್ಟಣವನ್ನೇ ತನ್ನ ಒಡಲಿಗೆ ಸೇರಿಸಿಕೊಂಡ ಸೂಪಾ ಅಣೆಕಟ್ಟಿನ ಹಿನ್ನೀರು. ಇಲ್ಲಿ ಬಾಳಿದ ಮಳಗಾಂವಕರರಿಗೆ ಕಾಡು ಕೇವಲ ಹಿನ್ನೆಲೆಯ ಚಿತ್ರಪಟವಾಗಿರಲಿಲ್ಲ. ಬೇಟೆಗಾರನ ನಿಯಮಗಳೇ ಅವರ ನೀತಿಶಾಸ್ತ್ರದ ಮೊದಲ ಪಾಠಗಳಾದುವು. ಗಾಯಗೊಂಡ ಮೃಗವನ್ನು ಹಾಗೆಯೇ ಬಿಟ್ಟು ಹೋಗಬಾರದು. ಜೊತೆಗಾರನನ್ನು ಅಪಾಯದಲ್ಲಿ ತೊರೆಯಬಾರದು. ಕೋವಿಯನ್ನೂ ತೋಟಾವನ್ನೂ ಸ್ವತಃ ಪರೀಕ್ಷಿಸದೆ ಹೊರಡಬಾರದು. ಕಾಲಾನಂತರದಲ್ಲಿ ಬೇಟೆಯನ್ನು ತೊರೆದು ವನ್ಯಜೀವಿಗಳ ರಕ್ಷಣೆಯ ಪಕ್ಷವನ್ನು ವಹಿಸಿದ ಅವರು ಈ ನಿಯಮಗಳ ಅಂತಸ್ಸತ್ತ್ವವನ್ನು ಮಾತ್ರ ಬಿಡಲಿಲ್ಲ.

ಒಂದು ಉದಾಹರಣೆಯನ್ನು ಸಮೀಪದಿಂದ ನೋಡೋಣ. 'ಕಾಂಬ್ಯಾಟ್ ಆಫ್ ಶ್ಯಾಡೋಸ್' ಅಸ್ಸಾಮಿನ ಚಹಾ ತೋಟವೊಂದರಲ್ಲಿ ನಡೆಯುವ ಕಥೆ. ತೋಟದ ಆಂಗ್ಲ ಮ್ಯಾನೇಜರ್ ಹೆನ್ರಿ ವಿಂಟನ್ ಪುಂಡಾನೆಯೊಂದನ್ನು ಹೊಡೆಯಲು ಹೋದಾಗ ಅವನ ಕೋವಿಯ ತೋಟಾ ಸಿಡಿಯದೆ ಹೋಗುತ್ತದೆ. ಜೊತೆಗಿದ್ದ ಶಿಕಾರಿ ಆನೆಯ ಕಾಲಿಗೆ ಸಿಕ್ಕಿ ಸಾಯುತ್ತಾನೆ. ಇಲ್ಲಿಯವರೆಗೆ ಅದು ದುರ್ದೈವ. ಆದರೆ ಆ ಕೆಟ್ಟ ತೋಟಾ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಹೆನ್ರಿಯ ಹೆಂಡತಿಯ ಮನಸ್ಸನ್ನು ಗೆದ್ದ ಎಡ್ಡಿ ಟ್ರೆವರನು ಆನೆಯ ಬೇಟೆಗೆ ಹೊರಟಾಗ, ಅಂಥ ತೋಟಾಗಳೇ ಅವನ ಕೈಸೇರುವಂತೆ ಹೆನ್ರಿ ಮಾಡುತ್ತಾನೆ. ಕತ್ತಿಯಿಲ್ಲ, ವಿಷವಿಲ್ಲ, ಸಾಕ್ಷಿಯಿಲ್ಲ. ಬೆರಳುದ್ದದ ಒಂದು ಹಿತ್ತಾಳೆಯ ಕೊಳವೆ, ಅದರೊಳಗೆ ಕೆಟ್ಟ ಮದ್ದು. ಮೊದಲ ಸಲ ದೈವವು ಮಾಡಿದುದನ್ನು ಎರಡನೆಯ ಸಲ ಮನುಷ್ಯನು ಮಾಡುತ್ತಾನೆ. ಅಪಘಾತವು ಕೊಲೆಯಾಗಿ ಮಾರ್ಪಡುತ್ತದೆ. ಓದುಗನಿಗೆ ಇಲ್ಲಿ ಉಂಟಾಗುವ ರೋಮಾಂಚನವು ಕೋವಿಯನ್ನು ಬಲ್ಲ ಲೇಖಕನಿಂದ ಮಾತ್ರ ಸಾಧ್ಯವಾದುದು. 'ದಿ ಪ್ರಿನ್ಸಸ್' ಕಾದಂಬರಿಯಲ್ಲಿ ಬೇಗ್ವಾಡ್ ಎಂಬ ಕಲ್ಪಿತ ಸಂಸ್ಥಾನದ ಮಹಾರಾಜ ಹಿರೋಜಿ, ತನ್ನ ರಾಜ್ಯವು ವಿಲೀನವಾಗಿ ಹೋಗುವುದನ್ನು ನೋಡಲಾರದೆ, ಗಾಯಗೊಂಡ ಹುಲಿಯ ಎದುರಿಗೆ ಕೋವಿಯಿಲ್ಲದೆ ನಡೆದು ಹೋಗಿ ಮರಣವನ್ನು ವರಿಸುತ್ತಾನೆ. ಬೇಟೆಯ ನಿಯಮವೇ ಅಲ್ಲಿ ರಾಜಧರ್ಮದ ಕೊನೆಯ ಆಶ್ರಯವಾಗುತ್ತದೆ.

ಕಾಡಿನಿಂದ ದಂಡಿಗೆ ಹೋಗುವ ದಾರಿ ಮಳಗಾಂವಕರರಲ್ಲಿ ದೂರವಿಲ್ಲ. 'ಡಿಸ್ಟೆಂಟ್ ಡ್ರಮ್' ಸಾತ್ಪುಡಾ ರೆಜಿಮೆಂಟೆಂಬ ಕಲ್ಪಿತ ಪಡೆಯ ಅಧಿಕಾರಿ ಕಿರಣ್ ಗರುಡನ ಕಥೆ. ಬ್ರಿಟಿಷರ ಕಾಲದಲ್ಲಿ ಶಿಕ್ಷಣ ಪಡೆದು, ಬರ್ಮಾ ರಣರಂಗವನ್ನು ಕಂಡು, ಸ್ವತಂತ್ರ ಭಾರತದ ಸೈನ್ಯಕ್ಕೆ ಬಂದ ತಲೆಮಾರಿನ ಪ್ರತಿನಿಧಿ ಅವನು. ಧ್ವಜ ಬದಲಾಯಿತು, ದೊರೆತನ ಬದಲಾಯಿತು. ರೆಜಿಮೆಂಟಿನ ಆಚಾರವೆಂಬ ಆ ಅಲಿಖಿತ ಸಂಹಿತೆ ಮಾತ್ರ ಉಳಿಯಿತು. ಅಧಿಕಾರಿಯಾದವನು ತನ್ನ ಕೈಕೆಳಗಿನ ಜವಾನನ ಊಟವಾಗದೆ ತಾನು ಉಣ್ಣಬಾರದು, ಆಡಿದ ಮಾತನ್ನು ಮುರಿಯಬಾರದು, ಮೇಲಿನವರ ಒತ್ತಡಕ್ಕೆ ಮಣಿದು ಅನುಚಿತವಾದುದನ್ನು ಮಾಡಬಾರದು ಎಂಬ ಧರ್ಮವು ಪರಕೀಯರಿಂದ ಬಂದುದೆ, ನಮ್ಮದೆ, ಎಂಬ ಪ್ರಶ್ನೆಗೆ ಕಿರಣನು ತನ್ನ ನಡತೆಯಿಂದಲೇ ಉತ್ತರಿಸುತ್ತಾನೆ.

ಈ ಕಾದಂಬರಿಯ ಹೃದಯವಿರುವುದು ಕಿರಣ್ ಮತ್ತು ಅಬ್ದುಲ್ ಜಮಾಲರ ಸ್ನೇಹದಲ್ಲಿ. ಒಂದೇ ರೆಜಿಮೆಂಟಿನ ಒಂದೇ ಮೆಸ್ಸಿನಲ್ಲಿ ಉಂಡ ಇಬ್ಬರು ಗೆಳೆಯರು. ದೇಶವು ಇಬ್ಭಾಗವಾದಾಗ ಅಬ್ದುಲ್ ಪಾಕಿಸ್ತಾನಕ್ಕೆ ಹೋಗುತ್ತಾನೆ. ಅನಂತರ ಕಾಶ್ಮೀರದ ಕದನವಿರಾಮ ರೇಖೆಯಲ್ಲಿ ಇಬ್ಬರೂ ಎದುರುಬದುರಾಗುತ್ತಾರೆ. ಶತ್ರುಗಳಾಗಿ ನಿಲ್ಲಬೇಕಾದ ಜಾಗದಲ್ಲಿ ಅವರು ಹಳೆಯ ಗೆಳೆಯರಾಗಿ ಕಲೆಯುತ್ತಾರೆ. ಆ ಸಲಿಗೆಗಾಗಿ ಕಿರಣನು ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತದೆ. ಯುದ್ಧದ ಕಥೆಯನ್ನು ಬರೆಯುವವರು ಶತ್ರುವಿಗೆ ಮುಖವಿಲ್ಲದಂತೆ ಮಾಡುವುದು ಲೋಕರೂಢಿ. ಹಾಗೆ ಮಾಡಿದರೆ ಗುಂಡು ಹಾರಿಸುವುದು ಸುಲಭ, ಕಥೆ ಹೇಳುವುದೂ ಸುಲಭ. ಮಳಗಾಂವಕರರು ಆ ಸೌಲಭ್ಯವನ್ನು ನಿರಾಕರಿಸಿದರು. ಸ್ವತಃ ಸೈನಿಕರಾಗಿದ್ದುದರಿಂದಲೇ ಅವರಿಗೆ ಅದು ಸಾಧ್ಯವಾಯಿತು. ಆಚೆಗಿರುವವನೂ ತನ್ನಂತೆಯೇ ತರಬೇತಿ ಪಡೆದವನು, ತನ್ನಂತೆಯೇ ಆಜ್ಞೆಗೆ ಬದ್ಧನಾದವನು ಎಂಬುದನ್ನು ಅವರು ಬಲ್ಲವರಾಗಿದ್ದರು. ಮೂರು ದಶಕಗಳ ಅನಂತರ, 1992ರಲ್ಲಿ, 'ಕ್ಯಾಕ್ಟಸ್ ಕಂಟ್ರಿ'ಯಲ್ಲಿ ಬಾಂಗ್ಲಾದೇಶದ ಜನನದ ಯುದ್ಧವನ್ನು ವಸ್ತುವಾಗಿ ಆರಿಸಿಕೊಂಡಾಗ, ಪಾಕಿಸ್ತಾನದ ಸೇನಾಧಿಕಾರಿಯೊಬ್ಬನನ್ನೇ ಕಥೆಯ ನಡುವೆ ನಿಲ್ಲಿಸುವ ಧೈರ್ಯವನ್ನು ಅವರು ತೋರಿದರು.

'ಎ ಬೆಂಡ್ ಇನ್ ದಿ ಗ್ಯಾಂಜಸ್' ಈ ಶ್ರೇಣಿಯಲ್ಲಿ ಅತ್ಯಂತ ವಿಶಾಲವಾದ ಕೃತಿ. ವಿದೇಶೀ ವಸ್ತ್ರದಹನದಿಂದ ಆರಂಭವಾಗುವ ಕಥೆ ಅಂಡಮಾನಿನ ಕಾರಾಗೃಹಕ್ಕೆ ಸಾಗಿ, 1942ರಲ್ಲಿ ಜಪಾನೀಯರು ಆ ದ್ವೀಪಗಳನ್ನು ಆಕ್ರಮಿಸಿದುದನ್ನೂ, 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಸಂಭವಿಸಿದ ಭೀಕರ ಸ್ಫೋಟವನ್ನೂ ಒಳಗೊಂಡು, 1947ರ ರಕ್ತಪಾತದಲ್ಲಿ ಮುಗಿಯುತ್ತದೆ. ರಾಮ ರಹೀಮರ ಹೆಸರುಗಳನ್ನು ಜೋಡಿಸಿ ಒಬ್ಬರನ್ನೊಬ್ಬರು ವಂದಿಸುತ್ತಿದ್ದ ಕ್ರಾಂತಿಕಾರಿಗಳ ಒಂದು ಕೂಟ ಹೇಗೆ ಮತದ ಹೆಸರಿನಲ್ಲಿ ಒಡೆಯಿತು, ಸೋದರರಂತಿದ್ದ ದೇಬಿದಯಾಳ, ಶಫಿ ಉಸ್ಮಾನರು ಹೇಗೆ ವೈರಿಗಳಾದರು ಎಂಬುದೇ ಅದರ ವೇದನೆ. ಆಂಗ್ಲ ಸಾಹಿತಿ ಇ. ಎಂ. ಫಾರ್ಸ್ಟರರು ಆ ವರ್ಷದ ಮೂರು ಉತ್ತಮ ಕಾದಂಬರಿಗಳಲ್ಲಿ ಇದನ್ನೊಂದಾಗಿ ಎಣಿಸಿದರು. ಆ ಫಾರ್ಸ್ಟರರೂ 1921ರಲ್ಲಿ ದೇವಾಸ್ ಹಿರಿಯ ಸಂಸ್ಥಾನದ ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿ ದುಡಿದವರೆಂಬುದನ್ನು ಇಲ್ಲಿ ನೆನೆಯಬಹುದು; ಅದೇ ಸಂಸ್ಥಾನದ ಚರಿತ್ರೆಯನ್ನು ಮಳಗಾಂವಕರರು 1963ರಲ್ಲಿ ಬರೆದು ಪ್ರಕಟಿಸಿದ್ದರು.

ಇದೇ ದಂಡಿನ ಅನುಭವದಿಂದ ಅವರ ಶುದ್ಧ ರೋಚಕ ಕಾದಂಬರಿಗಳೂ ಹುಟ್ಟಿದುವು. 1971ರ 'ಸ್ಪೈ ಇನ್ ಆಂಬರ್', 1980ರ 'ದಿ ಗಾರ್ಲೆಂಡ್ ಕೀಪರ್ಸ್', 1982ರ 'ಬ್ಯಾಂಡಿಕೂಟ್ ರನ್' ಇವು ಗೂಢಚಾರರ, ಅಧಿಕಾರದ ಒಳಮನೆಗಳ, ಸೈನ್ಯದ ರಹಸ್ಯಗಳ ಕಥೆಗಳು. 1978ರ 'ಶಾಲಿಮಾರ್' ಅದೇ ಹೆಸರಿನ ಚಲನಚಿತ್ರದ ಕಾದಂಬರೀ ರೂಪ. ಮೊದಲಿನ ನಾಲ್ಕು ಕಾದಂಬರಿಗಳ ಎತ್ತರಕ್ಕೆ ಇವು ಏರಲಿಲ್ಲವೆಂದು ನಾನು ಒಪ್ಪುತ್ತೇನೆ. ಆದರೂ ಇವುಗಳಲ್ಲಿ ಒಂದು ವಿಶೇಷವುಂಟು. ಹೊರದೇಶದ ಬೇಹುಗಾರಿಕೆಯ ಕಥೆಗಳನ್ನು ಓದಿ, ಅಲ್ಲಿಯ ನಾಯಕನಿಗೆ ಇಲ್ಲಿಯ ಹೆಸರನ್ನು ಕೊಟ್ಟು ಬರೆಯುವ ಚಾಳಿ ನಮ್ಮಲ್ಲಿ ಪ್ರಬಲವಾಗಿದ್ದ ಕಾಲದಲ್ಲಿ, ಪ್ರತಿಬೇಹುಗಾರಿಕೆಯಲ್ಲಿ ಸ್ವತಃ ಕೆಲಸ ಮಾಡಿದ ಒಬ್ಬರು, ಭಾರತೀಯ ಸೈನ್ಯದ ನಡವಳಿಕೆಯನ್ನು ಬಲ್ಲವರಾಗಿ ಬರೆದರು.

ಈಗ ಮೂರನೆಯ ನೆಲೆಯಾದ ದಫ್ತರ, ಎಂದರೆ ದಾಖಲೆಗಳ ಲೋಕ. ಕಥೆಗಾರನಾದವನಿಗೆ ಕಾಗದಪತ್ರಗಳ ಮೇಲೆ ಇಷ್ಟು ಗೌರವವಿರುವುದು ಅಪರೂಪ. ಕಾನ್ಹೋಜಿ ಆಂಗ್ರೆಯ ಚರಿತ್ರೆ, ಕೊಲ್ಹಾಪುರದ ಛತ್ರಪತಿಗಳ ಚರಿತ್ರೆ ಇವೆಲ್ಲ ದಾಖಲೆಗಳ ಅಭ್ಯಾಸದಿಂದ ಬಂದುವು. 1972ರ 'ದಿ ಡೆವಿಲ್ಸ್ ವಿಂಡ್' ಕಾದಂಬರಿಯಲ್ಲಿ 1857ರ ದಂಗೆಯ ನಾಯಕ ನಾನಾಸಾಹೇಬನೇ ತನ್ನ ಕಥೆಯನ್ನು ತಾನು ಹೇಳಿಕೊಳ್ಳುತ್ತಾನೆ. ಆಂಗ್ಲ ಇತಿಹಾಸಕಾರರು ರಾಕ್ಷಸನೆಂದು ಚಿತ್ರಿಸಿದ ಒಬ್ಬನಿಗೆ ಮನುಷ್ಯನ ಕಂಠವನ್ನು ಕೊಡುವ ಪ್ರಯತ್ನವದು.

ಈ ನೆಲೆಯ ಶ್ರೇಷ್ಠ ಕೃತಿಯು ಕಾದಂಬರಿಯೇ ಅಲ್ಲ. 1978ರಲ್ಲಿ ಪ್ರಕಟವಾದ 'ದಿ ಮೆನ್ ಹೂ ಕಿಲ್ಡ್ ಗಾಂಧಿ' ಮಹಾತ್ಮರ ಹತ್ಯೆಯ ಸಂಚಿನ ಶೋಧನೆ. ಆ ಸಂಚಿನಲ್ಲಿ ಭಾಗಿಗಳಾಗಿ ಶಿಕ್ಷೆಯನ್ನು ಅನುಭವಿಸಿ 1964ರಲ್ಲಿ ಬಿಡುಗಡೆಯಾದ ಗೋಪಾಲ ಗೋಡ್ಸೆ, ವಿಷ್ಣು ಕರ್ಕರೆ, ಮದನಲಾಲ್ ಪಹ್ವಾ ಮೊದಲಾದವರನ್ನು ಕಂಡು ಮಾತನಾಡಿಸಿ, ನ್ಯಾಯಾಲಯದ ಕಡತಗಳನ್ನೂ ಹತ್ಯೆಯ ಸಂಚನ್ನು ವಿಚಾರಿಸಿದ ಕಪೂರ್ ಆಯೋಗದ ವರದಿಯನ್ನೂ ಅಭ್ಯಸಿಸಿ ಬರೆದುದು. ಇಲ್ಲಿ ಕುತೂಹಲಕ್ಕೆ ಅವಕಾಶವೇ ಇಲ್ಲವೆಂದು ತೋರಬಹುದು. 1948ರ ಜನವರಿ 30ರ ಸಂಜೆ ಏನಾಯಿತೆಂಬುದನ್ನು ತಿಳಿಯದವರು ಯಾರು? ಆದರೂ ಪುಸ್ತಕವನ್ನು ಕೆಳಗಿಡಲಾಗುವುದಿಲ್ಲ. ಏಕೆಂದರೆ ಜನವರಿ 20ರಂದೇ ಬಿರ್ಲಾ ಭವನದಲ್ಲಿ ಬಾಂಬು ಸಿಡಿದಿತ್ತು. ಮದನಲಾಲ್ ಸ್ಥಳದಲ್ಲಿಯೇ ಸಿಕ್ಕಿಬಿದ್ದಿದ್ದ. ಸಂಚುಗಾರರು ಚದುರಿ ಓಡಿದ್ದರು. ಅಲ್ಲಿಂದ ಮುಂದಿನ ಹತ್ತು ದಿನಗಳಲ್ಲಿ ಅವರು ಮತ್ತೆ ಕೂಡಿ, ಗ್ವಾಲಿಯರಿನಲ್ಲಿ ಪಿಸ್ತೂಲೊಂದನ್ನು ಸಂಪಾದಿಸಿ, ದಿಲ್ಲಿಗೆ ಹಿಂದಿರುಗಿದರು. ಪೊಲೀಸರ ಕೈಯಲ್ಲಿ ಸುಳಿವಿತ್ತು, ಸಮಯವಿತ್ತು. ಎಚ್ಚರ ಮಾತ್ರ ಇರಲಿಲ್ಲ. ಪ್ರತಿ ಪುಟದಲ್ಲಿಯೂ ಓದುಗನು ಈಗಲಾದರೂ ಯಾರಾದರೂ ತಡೆಯಬಾರದೆ ಎಂದು ಹಂಬಲಿಸುತ್ತಾನೆ. ರಹಸ್ಯವನ್ನು ಬಚ್ಚಿಡದೆಯೂ ಉದ್ವೇಗವನ್ನು ಸೃಷ್ಟಿಸಬಹುದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ನನಗೆ ತಿಳಿಯದು. ತಪ್ಪಿಸಬಹುದಾಗಿದ್ದ ಅನರ್ಥವು ತಪ್ಪದೆ ಹೋದುದೇ ಅದರ ದುರಂತ, ಅದೇ ಅದರ ರೋಚಕತೆ.

ಮಾನ್ಯರೆ, ಗುಣಗಳನ್ನು ಹೇಳಿದ ಮೇಲೆ ಮಿತಿಗಳನ್ನು ಹೇಳದಿರುವುದು ನ್ಯಾಯವಲ್ಲ. ಮಳಗಾಂವಕರರ ಸ್ತ್ರೀಪಾತ್ರಗಳು ಬಹುಮಟ್ಟಿಗೆ ಪುರುಷನ ಪರೀಕ್ಷೆಗೆ ನಿಮಿತ್ತಗಳಾಗಿ ಬರುತ್ತವೆಯೇ ಹೊರತು ತಮ್ಮದೇ ಆದ ಒಳಬಾಳನ್ನು ಪಡೆಯುವುದು ವಿರಳ. ಇನ್ನೊಂದು ಮಿತಿ ಇದಕ್ಕಿಂತ ಗುರುತರವಾದುದು. ಅವರ ಸೈನ್ಯವು ಅಧಿಕಾರಿಗಳ ಮೆಸ್ಸಿನ ಕಿಟಕಿಯಿಂದ ಕಂಡ ಸೈನ್ಯ. ಜವಾನನು ಅಲ್ಲಿ ಶೂರನಾಗಿ, ವಿಧೇಯನಾಗಿ, ಪ್ರೀತಿಪಾತ್ರನಾಗಿ ಬರುತ್ತಾನೆ. ಆದರೆ ರಜೆ ಸಿಗದೆ ತಂಗಿಯ ಮದುವೆಯನ್ನು ತಪ್ಪಿಸಿಕೊಂಡ ಅವನ ನೋವು, ಊರಿನ ಸಾಲ, ಮನಿಯಾರ್ಡರಿನ ಲೆಕ್ಕ, ಇವು ಆ ಕಿಟಕಿಗೆ ಕಾಣಿಸುವುದಿಲ್ಲ. ಇದು ಲೇಖಕರ ದೋಷವೆನ್ನುವುದಕ್ಕಿಂತ, ತಾವು ಬಲ್ಲುದನ್ನು ಮಾತ್ರ ಬರೆಯುವ ಅವರ ನಿಷ್ಠೆಯ ಫಲವೆನ್ನುವುದು ಸರಿಯಾದೀತು.

ಮಳಗಾಂವಕರರನ್ನು ಗಂಭೀರವಾಗಿ ಅಭ್ಯಸಿಸಿದ ಮೊದಲಿಗರಲ್ಲಿ ನಮ್ಮವರೇ ಆದ ಡಾ. ಜಿ. ಎಸ್. ಆಮೂರರು ಒಬ್ಬರೆಂಬುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಹಾವೇರಿ ಸೀಮೆಯಲ್ಲಿ ಹುಟ್ಟಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಕನ್ನಡದ ಶ್ರೇಷ್ಠ ವಿಮರ್ಶಕರಾಗಿ ಬಾಳಿದ ಅವರು 1973ರಲ್ಲಿಯೇ ಮಳಗಾಂವಕರರನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಬರೆದರು. ಜನಪ್ರಿಯತೆಯನ್ನು ಕಂಡೊಡನೆ ಮೂಗು ಮುರಿಯದೆ, ಕಥನದ ಹಿಂದಿರುವ ನೈತಿಕ ಪ್ರಶ್ನೆಯನ್ನು ಹುಡುಕುವ ಆ ವಿಮರ್ಶಾದೃಷ್ಟಿ ನಮಗೆ ಮಾದರಿಯಾಗಬೇಕು.

ಕಡೆಯದಾಗಿ ನಮ್ಮ ಕರ್ತವ್ಯ. ಸೈನ್ಯವನ್ನು ಕುರಿತು ಕನ್ನಡದಲ್ಲಿ ಓದುವ ಹಸಿವಿಲ್ಲವೆಂದು ಯಾರೂ ಹೇಳಲಾರರು. 1962ರ ಯುದ್ಧದಲ್ಲಿ ಸೆರೆಯಾಗಿದ್ದ ಬ್ರಿಗೇಡಿಯರ್ ಜಾನ್ ದಳವಿಯವರ 'ಹಿಮಾಲಯನ್ ಬ್ಲಂಡರ್' ಗ್ರಂಥವನ್ನು ರವಿ ಬೆಳಗೆರೆಯವರು ಕನ್ನಡಕ್ಕೆ ತಂದಾಗ ಅದನ್ನು ಓದಿದವರು ಅಸಂಖ್ಯಾತರು. ಕಾರಿಯಪ್ಪ, ತಿಮ್ಮಯ್ಯರಂಥ ಸೇನಾನಿಗಳನ್ನು ಕೊಟ್ಟ, 1918ರಲ್ಲಿ ಹೈಫಾ ನಗರದ ಮೇಲೆ ಏರಿಹೋದ ಮೈಸೂರಿನ ಅಶ್ವಸೈನಿಕರನ್ನು ಕೊಟ್ಟ ನಾಡು ಇದು. ರಾಜಾಜಿನಗರದಂಥ ಪಶ್ಚಿಮದ ಬಡಾವಣೆಗಳಲ್ಲಿ ಹವಾಲ್ದಾರರಾಗಿ, ಸುಬೇದಾರರಾಗಿ, ವಾಯುಪಡೆಯ ತಂತ್ರಜ್ಞರಾಗಿ ದುಡಿದು, ಪಿಂಚಣಿ ಪಡೆದು, ಆಮೇಲೆ ಬ್ಯಾಂಕಿನಲ್ಲೋ ಕಾರ್ಖಾನೆಯ ಕಾವಲಿನಲ್ಲೋ ಎರಡನೆಯ ನೌಕರಿಯನ್ನು ಮಾಡಿದವರ ಮನೆಗಳು ಉಂಟು. ಅಟ್ಟದ ಮೇಲೆ, ಹೆಸರನ್ನೂ ನಂಬರನ್ನೂ ಬಿಳಿಯ ಬಣ್ಣದಲ್ಲಿ ಬರೆದ ಕಪ್ಪು ಟ್ರಂಕು. ಅದರೊಳಗೆ 56 ಎಪಿಒ ಎಂಬ ಸೇನಾ ಅಂಚೆಯ ವಿಳಾಸದಿಂದ ಬಂದ, ಬರೆದಾತನು ಎಲ್ಲಿದ್ದನೆಂದು ತಿಳಿಸದ ಪತ್ರಗಳ ಕಟ್ಟು. ಕರ್ನಲ್ ಮಳಗಾಂವಕರರ ಕಿಟಕಿಗೆ ಕಾಣದೆ ಹೋದ ಸೈನ್ಯವು ಆ ಕನ್ನಡ ಪತ್ರಗಳಲ್ಲಿದೆ.

ಆದುದರಿಂದ ನನ್ನ ಪ್ರಾರ್ಥನೆ ಇಷ್ಟೆ. ನಿವೃತ್ತ ಸೈನಿಕರು ತಾವು ಬಲ್ಲುದನ್ನು, ರಕ್ಷಣೆಯ ಗುಟ್ಟುಗಳನ್ನು ಬಿಟ್ಟು, ತಮ್ಮ ಮಾತಿನಲ್ಲಿಯೇ ಬರೆಯಲಿ. ಬರೆಯಲಾರದವರು ಹೇಳಲಿ, ಮಕ್ಕಳು ಮೊಮ್ಮಕ್ಕಳು ಬರೆದುಕೊಳ್ಳಲಿ. ಹಳೆಯ ಪತ್ರಗಳನ್ನು ರದ್ದಿಗೆ ಹಾಕದಿರಲಿ. ಹಂಪಿನಗರದ ಗ್ರಂಥಾಲಯದಂಥ ಸಂಸ್ಥೆಗಳು ಇವನ್ನು ಸಂಗ್ರಹಿಸುವ ಹೊಣೆಯನ್ನು ಹೊರಲಿ. ಕಾದಂಬರಿ ಬರೆಯುವ ಉತ್ಸಾಹವುಳ್ಳ ಯುವಕ ಯುವತಿಯರು ಪರದೇಶದ ಸಾಹಸಕಥೆಗಳನ್ನು ಅನುಕರಿಸುವುದಕ್ಕೆ ಮೊದಲು ತಮ್ಮ ಬೀದಿಯ ಹವಾಲ್ದಾರರೊಬ್ಬರ ಮುಂದೆ ಕುಳಿತು ಒಂದು ಸಂಜೆ ಕೇಳಲಿ. ನಾಲ್ವತ್ತಾರು ವರ್ಷ ಬಾಳಿ ಆಮೇಲೆ ಮೊದಲ ಪುಸ್ತಕವನ್ನು ಕೊಟ್ಟ ಮಳಗಾಂವಕರರಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಅದೇ: ಮೊದಲು ತಿಳಿಯಬೇಕು, ಆಮೇಲೆ ಬರೆಯಬೇಕು.